ಹೀಟರ್ ಕೆಟ್ಟಿದೆ, ಸೈಮಿ

ದೂರದ ಬಿಸಿಲೂರಿನಲ್ಲಿ ನಿಂಬೆಗಿಡದ ನೆರಳಲ್ಲಿ ಕೂತಿರುವ ನನ್ನ ತಂಗಿ ಸೈಮಿಗೆ, ಹೆಪ್ಪುಗಟ್ಟಿದ ಕೆರೆಯ ಮೇಲೆ ಕೂತಿರುವ ಅಕ್ಕ ಐಲಿ ಬರೆಯುವುದು.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ ಅಂತ ನಿನಗೆ ಗೊತ್ತು. ಐಸಿನ ಮೇಲೆ ಕೂತು ಗಾಳ ಹಾಕುವ ನಮ್ಮ ಮರದ ಗೂಡು, ಆ ಮೀನುಮನೆಯ ಹೀಟರ್ ಕೆಟ್ಟಿದೆ. ಹೊತ್ತಿಕೊಳ್ಳುವುದಿಲ್ಲ ಅಂತಲ್ಲ, ಚೆನ್ನಾಗಿಯೇ ಹೊತ್ತಿಕೊಳ್ಳುತ್ತದೆ. ಜಾಲರಿ ಕೆಂಪಗಾಗುತ್ತದೆ, ಗೋಡೆಯ ಮೇಲಿನ ಹಿಮ ಕರಗಿ ಇಳಿಯುತ್ತದೆ. ನಾನು ಕೈಗವಸು ಕಳಚಿ, ಗಾಳ ಇಳಿಬಿಟ್ಟು, ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿಕೊಂಡು, ಇನ್ನೇನು ಹಾಯಾಗಿ ಕೂರಬೇಕು ಅನ್ನುವಷ್ಟರಲ್ಲಿ ಪಕ್ ಎಂದು ಆರಿಹೋಗುತ್ತದೆ. ಮತ್ತೆ ಹೊತ್ತಿಸಬೇಕು, ಮತ್ತೆ ಆರುತ್ತದೆ. ಈ ಚಳಿಗಾಲ ಪೂರ್ತಿ ನನಗೂ ಅದಕ್ಕೂ ಇದೇ ಕುಸ್ತಿ. ನಿನಗೊಬ್ಬಳಿಗೇ ಅದರ ಸ್ವಭಾವ ಗೊತ್ತಿರುವುದು. ಅದಕ್ಕೆ ಬರೆಯುತ್ತಿದ್ದೇನೆ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನ್ ಮಾಡಿದರೆ ನೀನು ಸ್ಪೀಕರಿಗೆ ಹಾಕುತ್ತೀಯ. ಹಾಕಿದ್ದೇ ತಡ, ನಿನ್ನ ಗಂಡ ವೆಂಡೆಲ್ ಹಿಂದಿನಿಂದ "ಅಕ್ಕಾ, ನಿಮ್ಮೂರಲ್ಲಿ ಇವತ್ತು ಮೂಗು ಉದುರೋ ಚಳಿನಾ, ಕಿವಿ ಉದುರೋ ಚಳಿನಾ?" ಎಂದು ಕೂಗುತ್ತಾನೆ. ಪ್ರತಿ ಸಲವೂ ಅದೇ ಮಾತು, ಪ್ರತಿ ಸಲವೂ ಅವನೇ ಮೊದಲು ನಗುವುದು. ಅವನ ನಗುವಿನ ನಡುವೆ ನನಗೆ ಹೀಟರಿನ ವಿಷಯ ಮಾತಾಡಲೂ ಮನಸ್ಸು ಬರುವುದಿಲ್ಲ, ಉಳಿದ ವಿಷಯ ಹಾಗಿರಲಿ. ಕಾಗದಕ್ಕೆ ಸ್ಪೀಕರ್ ಇಲ್ಲ. ಓದುವಾಗ ದಯವಿಟ್ಟು ಅವನಿಗೆ ಗಟ್ಟಿಯಾಗಿ ಓದಿ ಹೇಳಬೇಡ.

ಅಪ್ಪ ನಮ್ಮಿಬ್ಬರಿಗೂ ಕೆಲಸ ಹಂಚಿಕೊಟ್ಟಿದ್ದು ನೆನಪಿದೆಯಲ್ಲ. ಐಸ್ ಕೊರೆಯುವುದು, ಗಾಳ ಕಟ್ಟುವುದು, ಮೀನು ಕೊಯ್ಯುವುದು ನನ್ನ ಪಾಲು. ಬೆಂಕಿ ನಿನ್ನ ಪಾಲು. ಆಗ ಸೌದೆ ಒಲೆ ಇತ್ತು. ಒದ್ದೆ ಸೌದೆಯನ್ನೂ ನೀನು ಮಾತಾಡಿಸಿ ಮಾತಾಡಿಸಿ ಹೊತ್ತಿಸುತ್ತಿದ್ದೆ. ನಾನು ಊದಿದರೆ ಹೊಗೆ, ನೀನು ಊದಿದರೆ ಉರಿ. ಅಪ್ಪ ಹೋದಮೇಲೆ ಒಲೆ ತೆಗೆದು ಗ್ಯಾಸಿನ ಹೀಟರ್ ಹಾಕಿಸಿದೆವು. ಆಗಲೂ ನಾನು ಅದನ್ನು ಮುಟ್ಟಲಿಲ್ಲ. ಮುಟ್ಟುವ ಅಗತ್ಯ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು? ನನ್ನ ಗಂಡ ತೀರಿಕೊಂಡ, ನೀನು ಮದುವೆಯ ಮಾತೇ ಎತ್ತಿದವಳಲ್ಲ. ರಸ್ತೆಯ ಆಚೆ ನಿನ್ನ ಮನೆ, ಈಚೆ ನನ್ನದು, ಚಳಿಗಾಲಕ್ಕೆ ಕೆರೆಯ ಮೇಲೆ ಇಬ್ಬರಿಗೂ ಸೇರಿ ಒಂದು ಮೀನುಮನೆ. ಹೀಗೇ ಮುಗಿದುಹೋಗುತ್ತದೆ ಅಂದುಕೊಂಡಿದ್ದೆ, ಸಂತೋಷವಾಗಿಯೇ ಅಂದುಕೊಂಡಿದ್ದೆ.

ಆಮೇಲೆ ಟೆಕ್ಸಸಿನಿಂದ ಒಬ್ಬ ಮಹಾರಾಯ ಹಳೆಯ ದೋಣಿ ಕೊಳ್ಳಲು ಬಂದ. ಚರ್ಚಿನ ನೆಲಮಾಳಿಗೆಯ ಮೀನೂಟಕ್ಕೆ ಯಾರೋ ಅವನನ್ನು ಕರೆತಂದರು. ನೀನು ಮೀನಿನ ಸಾರು ಬಡಿಸುತ್ತಿದ್ದೆ. ಅವನು ಬಟ್ಟಲು ಹಿಡಿದು ಮತ್ತೆ ಮತ್ತೆ ಸಾಲಿಗೆ ಬಂದ. ನಾನು ಅಡುಗೆಕೋಣೆಯ ಕಿಟಕಿಯಿಂದ ನೋಡಿ "ಪಾಪ, ಹಸಿದಿದ್ದಾನೆ" ಅಂದೆ. ಅರವತ್ತು ದಾಟಿದ ಹೆಂಗಸಿನ ಕೆನ್ನೆ ಕೆಂಪಗಾಗಿದ್ದು ಒಲೆಯ ಬಿಸಿಗೆ ಅಂದುಕೊಂಡೆ. ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಯಿತು. ಅವನು ದೋಣಿ ಕೊಳ್ಳಲಿಲ್ಲ, ನಿನ್ನನ್ನು ಕರೆದುಕೊಂಡು ಹೋದ.

ಹೋದ ವರ್ಷ ನಾನು ಮೀನುಮನೆಯನ್ನು ಕೆರೆಗೆ ಎಳೆಸಲೇ ಇಲ್ಲ. ದಡದ ಮೇಲೆ, ಪೊದೆಗಳ ಪಕ್ಕದಲ್ಲಿ ಬಿಟ್ಟೆ. ಈ ಸಲ ಎಲೆ ಉದುರುವ ಕಾಲದಲ್ಲಿ ನೀನು ಫೋನ್ ಮಾಡಿದೆಯಲ್ಲ, ಆ ದಿನ ಬೆಳಗಿನಿಂದಲೇ ನನಗೆ ಏನೋ ಹುರುಪು. "ಐಸ್ ಕಟ್ಟಿದ ಮೇಲೆ ಬರ್ತೀನಿ ಕಣೇ ಅಕ್ಕ. ಇಬ್ರೂ ಬರ್ತೀವಿ. ಎದೆ ಆಪರೇಷನ್ ಆದ್ಮೇಲೆ ಅವರನ್ನ ಒಬ್ಬರನ್ನೇ ಬಿಟ್ಟು ಬರೋಕಾಗಲ್ಲ" ಎಂದು ನೀನು ಹೇಳಿದೆ. ನಾನು ಏನು ಹೇಳಿದೆ ಗೊತ್ತಲ್ಲ. "ಮೀನುಮನೇಲಿ ಎರಡೇ ತೂತು ಇರೋದು" ಅಂದೆ. ನೀನು "ಹಂಗಾದ್ರೆ ಎರಡನ್ನೂ ನೀನೇ ಇಟ್ಕೋ" ಅಂದೆ. ಅಲ್ಲಿಂದ ಈಚೆಗೆ ಕ್ರಿಸ್‌ಮಸ್ಸಿಗೆ ಒಂದು ಶುಭಾಶಯ, ಹುಟ್ಟುಹಬ್ಬಕ್ಕೆ ಒಂದು ಶುಭಾಶಯ. ನಾನು ಹೇಳಿದ್ದು ಸುಳ್ಳೇನಲ್ಲ. ಅಪ್ಪ ನೆಲದ ಹಲಗೆಯಲ್ಲಿ ಕೊಯ್ದಿದ್ದು ಎರಡೇ ಕಿಂಡಿ, ಅದರ ಕೆಳಗೆ ಐಸಿನಲ್ಲಿ ಕೊರೆಯುವುದು ಎರಡೇ ತೂತು, ಎದುರುಬದುರು ಎರಡೇ ಸ್ಟೂಲು. ನಾನೇನು ಮಾಡಲಿ?

ಮಾಡಿದ್ದು ಏನೆಂದರೆ, ಹಟಕ್ಕೆ ಬಿದ್ದು ಒಬ್ಬಳೇ ಮೀನುಮನೆ ಸಿದ್ಧಮಾಡಿದೆ. ಪಕ್ಕದ ಓನ್ನಿ ತನ್ನ ಟ್ರ್ಯಾಕ್ಟರಿನಲ್ಲಿ ಎಳೆದುಕೊಟ್ಟ, ಕೊಲ್ಲಿಯ ಬಾಯಲ್ಲಿ, ನಮ್ಮ ಹಳೆಯ ಜಾಗದಲ್ಲೇ ನಿಲ್ಲಿಸಿದೆ. ಎದುರಿನ ಸ್ಟೂಲಿನಲ್ಲಿ ಒಂದು ಮೈಯಿಲ್ಲದಿದ್ದರೆ ಆ ಪುಟ್ಟ ಪೆಟ್ಟಿಗೆಯಂಥ ಮನೆ ಎಷ್ಟು ಕೊರೆಯುತ್ತದೆ ಅಂತ ಮೊದಲ ದಿನವೇ ತಿಳಿಯಿತು. ಅದಕ್ಕೆ ಸಂದುಗಳಿಗೆಲ್ಲ ಫೋಮ್ ತುಂಬಿಸಿದೆ. ಬಾಗಿಲ ಚೌಕಟ್ಟಿಗೆ ಹಳೆಯ ಕಂಬಳಿ ಸೀಳಿ ಮೊಳೆ ಹೊಡೆದೆ. ಮಾಡಿನ ಗಾಳಿಕಿಂಡಿಗೆ ಚಿಂದಿ ಬಟ್ಟೆ ತುರುಕಿದೆ. ಆಮೇಲೆ ಹೊರಗೆ ನಾಲ್ಕೂ ಸುತ್ತ ಹಿಮ ಒಟ್ಟಿ, ಸಲಿಕೆಯ ಬೆನ್ನಿನಿಂದ ಬಡಿದು ಗಟ್ಟಿಮಾಡಿದೆ. ಚಳಿಗಾಲ ಬಂತೆಂದರೆ ಅಮ್ಮ ಮನೆಯ ಬುಡಕ್ಕೆಲ್ಲ ಒಟ್ಟುತ್ತಿದ್ದಳಲ್ಲ, ಹಾಗೇ, ಸೊಂಟದೆತ್ತರಕ್ಕೆ. ಓನ್ನಿ ನೋಡಿ "ಬಂಕರ್ ಕಟ್ತಿದ್ದೀಯೋ, ಮೀನು ಹಿಡೀತಿದ್ದೀಯೋ?" ಎಂದು ಕೇಳಿದ. ಚಳಿ ಒಳಗೆ ಬರಲು ಸೂಜಿಮೊನೆಯಷ್ಟು ದಾರಿ ಬಿಟ್ಟಿರಲಿಲ್ಲ. ನನ್ನ ಕೆಲಸ ನೋಡಿ ನನಗೇ ಹೆಮ್ಮೆಯಾಯಿತು.

ಆದರೂ ಹೀಟರ್ ಆರುತ್ತಿತ್ತು. ಮೊದಲು ಸಿಲಿಂಡರಿನ ಮೇಲೆ ಅನುಮಾನ ಬಂತು. ಎತ್ತಿ ಅಲ್ಲಾಡಿಸಿದೆ, ಗ್ಯಾಸು ಗಳಗಳ ಅಂದಿತು, ತುಂಬಿಯೇ ಇದೆ. ಪೈಪಿನ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿದೆ, ಗುಳ್ಳೆ ಬರಲಿಲ್ಲ, ಸೋರಿಕೆ ಇಲ್ಲ. ರೆಗ್ಯುಲೇಟರಿನ ಬಾಯಿಗೆ ಐಸ್ ಕಟ್ಟಿತ್ತು. ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಕರಗಿಸಿ ಒರೆಸಿದೆ. ಆ ದಿನ ಸ್ವಲ್ಪ ಹೆಚ್ಚು ಹೊತ್ತು ಉರಿದಂತೆ ಕಂಡಿತು. ಗೆದ್ದೆ ಅಂದುಕೊಂಡು ಓನ್ನಿಗೆ ಬೀಗುತ್ತಾ ಹೇಳಿಯೂ ಬಂದೆ. ಮೀನುಮನೆಯೊಳಗೆ ಕಾಲಿಟ್ಟರೆ ಆರಿ ತಣ್ಣಗಾಗಿತ್ತು.

ಆಮೇಲೆ ಹೀಟರನ್ನು ಹೊತ್ತಿಸುವ ಪುಟ್ಟ ಪೈಲಟ್ ಉರಿಯ ಸರದಿ. ಗುಂಡಿ ಒತ್ತಿ ಹಿಡಿಯಬೇಕು, ಕಿಡಿ ಹಾರಿಸಬೇಕು, ಪುಟ್ಟ ಉರಿ ಹತ್ತಿದ ಮೇಲೂ ಬೆರಳು ತೆಗೆಯದೆ ಪಕ್ಕದ ತಾಮ್ರದ ಕಡ್ಡಿ ಕಾಯುವವರೆಗೆ ತಾಳ್ಮೆಯಿಂದ ಇರಬೇಕು. ನೀನು ಆ ಹೊತ್ತಿನಲ್ಲಿ ಏನೋ ಹಾಡು ಗುನುಗುತ್ತಿದ್ದೆ, ಒಂದು ಚರಣ ಮುಗಿದರೆ ಬೆರಳು ತೆಗೆಯುತ್ತಿದ್ದೆ. ಯಾವ ಹಾಡು ಅಂತ ಎಷ್ಟು ಯೋಚಿಸಿದರೂ ನನಗೆ ನೆನಪಾಗಲಿಲ್ಲ. ನಾನು ಬಾಯಿಗೆ ಬಂದ ಬೈಗುಳ ಹೇಳಿಕೊಂಡು ಬೆರಳು ಒತ್ತಿ ಹಿಡಿದೆ. ಉರಿ ನೀಲಿಯಾಗಿರದೆ ಹಳದಿಯಾಗಿ, ಸೋಮಾರಿಯಾಗಿ ಓಲಾಡುತ್ತಿತ್ತು. ಸಿಲಿಂಡರ್ ಮುಚ್ಚಿ, ಬಿಚ್ಚಿ, ಸಣ್ಣ ಕೊಳವೆಯೊಳಗೆ ಗಾಳಿ ಊದಿದೆ. ಒಳಗಿನಿಂದ ಜೇಡರಬಲೆ ಬಂತು ಕಣೆ! ಗ್ಯಾಸಿನ ವಾಸನೆ ಜೇಡಗಳಿಗೆ ಇಷ್ಟವಂತೆ. ನಾವಿಬ್ಬರೂ ಬಿಟ್ಟುಹೋದ ಮನೆಗೆ ಜೇಡ ಸಂಸಾರ ಹೂಡಲು ಬಂದಿತ್ತು. ಬಲೆ ತೆಗೆದ ಮೇಲೆ ಉರಿ ನೀಲಿಯಾಯಿತು, ನೆಟ್ಟಗೆ ನಿಂತಿತು. ಅಷ್ಟಾದರೂ ಸ್ವಲ್ಪ ಹೊತ್ತಿಗೆ ಮತ್ತೆ ಪಕ್. ಪೇಟೆಯಿಂದ ಹೊಸ ತಾಮ್ರದ ಕಡ್ಡಿ ತಂದು ಹಾಕಿದೆ. ಅದಕ್ಕೂ ಬಗ್ಗಲಿಲ್ಲ.

ಕೊನೆಗೆ ಓನ್ನಿಯನ್ನು ಕರೆದೆ. ಬಂದ, ಮಂಡಿಯೂರಿ ನೋಡಿದ, ಹೊತ್ತಿಸಿದ. ಅವನು ಇದ್ದಷ್ಟು ಹೊತ್ತೂ ಆ ಪೀಡೆ ಎಷ್ಟು ಚೆನ್ನಾಗಿ ಉರಿಯಿತು ಅಂತೀಯ! ಅವನು ನಿನಗೆ ಗೊತ್ತಲ್ಲ, ಕೂತಲ್ಲಿ ಕೂರುವ ಜನ್ಮವಲ್ಲ. ಹೊರಗೆ ಹಾಕಿದ್ದ ತನ್ನ ಗಾಳಗಳಲ್ಲಿ, ಮೀನು ಕಚ್ಚಿದರೆ ಏಳುವ ಬಾವುಟ ಎದ್ದಿದೆಯಾ ಅಂತ ಗಳಿಗೆಗೊಮ್ಮೆ ಹೊರಗೆ ಹೋಗಿ ನೋಡಿಕೊಂಡು ಬರುತ್ತಿದ್ದ, ನಾನು ಮಾಡಿದ್ದ ಏಲಕ್ಕಿ ಬನ್ನು ತಿಂದ, ಇನ್ನೊಂದು ತಿಂದ. "ನೋಡು ಐಲಿ, ನಿನ್ ಹೀಟರಿಗೆ ಏನೂ ಆಗಿಲ್ಲ. ಅದಕ್ಕೆ ಬೇಕಾಗಿರೋದು ನಾಲ್ಕು ಜನರ ಸಾವಾಸ. ನಿನ್ನೊಬ್ಬಳ ಮುಖ ಎಷ್ಟು ಅಂತ ನೋಡತ್ತೆ?" ಎಂದು ನಕ್ಕು ಎದ್ದುಹೋದ. ಅವನು ತನ್ನ ಮೀನುಮನೆ ಸೇರಿ ಬಹಳ ಹೊತ್ತಾಗಿರಲಿಲ್ಲ, ಇಲ್ಲಿ ಆರಿತು. ಮಾರನೆಯ ದಿನವೂ ಹಾಗೇ. ಅವನು ಬಂದರೆ ಉರಿ, ಹೋದರೆ ಕತ್ತಲೆ. ಸೈಮಿ, ನಾನು ಒಬ್ಬಳೇ ಕೂತು ಆ ಹೀಟರಿಗೆ ಕೆಟ್ಟ ಕೆಟ್ಟ ಮಾತು ಬೈದೆ. ನನ್ನನ್ನು ಬಿಟ್ಟು ಎಲ್ಲರ ಜೊತೆಗೂ ಚೆನ್ನಾಗಿರುತ್ತೀಯಲ್ಲ ಅಂದೆ. ಹೀಟರಿಗೆ ಅಂದೆನೋ ಇನ್ಯಾರಿಗೆ ಅಂದೆನೋ ಗೊತ್ತಿಲ್ಲ.

ಆದ್ದರಿಂದ ನೀನೇ ಬಂದು ನೋಡಬೇಕು ಅಂತ ಕೇಳಲು ಈ ಕಾಗದ ಶುರುಮಾಡಿದೆ. ಹೀಟರ್ ರಿಪೇರಿಗೆ ಬಾ ಅಂದರೆ ನಿನ್ನ ಮಾನವೂ ಉಳಿಯುತ್ತದೆ, ನನ್ನದೂ ಉಳಿಯುತ್ತದೆ ಅಂದುಕೊಂಡಿದ್ದೆ.

ಇಷ್ಟು ಬರೆದು ಕಾಗದವನ್ನು ಬ್ರೆಡ್ ಡಬ್ಬಿಯ ಕೆಳಗಿಟ್ಟು ಕೆಲವು ದಿನ ಆಯಿತು. ಈಗ ಮುಂದುವರಿಸುತ್ತಿದ್ದೇನೆ. ನಡುವೆ ಒಂದು ವಿಷಯ ನಡೆದಿದೆ.

ಈಚೆಗೆ ಮೀನುಮನೆಯಲ್ಲಿ ಕೂತರೆ ನನಗೆ ತಲೆ ಭಾರವಾಗುತ್ತಿತ್ತು. ವಯಸ್ಸು ಅಂದುಕೊಂಡಿದ್ದೆ. ಕಾಗದ ಎತ್ತಿಟ್ಟ ಮಾರನೆಯ ದಿನ ಹೀಟರ್ ಆರಿದಾಗ ಮತ್ತೆ ಹೊತ್ತಿಸಲು ಬಗ್ಗಿದರೆ ತಲೆ ಗಿರ್ರೆಂದಿತು, ಹೊಟ್ಟೆ ತೊಳಸಿತು. ತೆವಳುವ ಹಾಗೆ ಹೋಗಿ ಬಾಗಿಲು ತಳ್ಳಿ, ಹೊಸ್ತಿಲ ಮೇಲೆ ಕೂತು ತಣ್ಣನೆಯ ಗಾಳಿ ಎಳೆದುಕೊಂಡೆ. ಬಾಗಿಲು ಹಾರುಹೊಡೆದುಕೊಂಡೇ ಇತ್ತು. ತಲೆ ತಿಳಿಯಾದ ಮೇಲೆ ಒಳಗೆ ಬಂದು ಗುಂಡಿ ಒತ್ತಿದೆ. ಒಂದೇ ಕಿಡಿಗೆ ಹೊತ್ತಿಕೊಂಡಿತು, ಆರಲೇ ಇಲ್ಲ. ಬಾಗಿಲು ತೆರೆದಿದ್ದಷ್ಟು ಹೊತ್ತೂ ಉರಿಯಿತು. ಹಾಕಿದೆ, ಕಾದೆ, ಆರಿತು. ತೆರೆದೆ, ಹೊತ್ತಿಸಿದೆ, ಉರಿಯಿತು. ಆಗ ಹೊಳೆಯಿತು ನೋಡು. ಈ ಹೀಟರುಗಳಲ್ಲಿ ಒಂದು ಏರ್ಪಾಟು ಇರುತ್ತದೆ. ಒಳಗಿನ ಗಾಳಿಯಲ್ಲಿ ಪ್ರಾಣವಾಯು ಕಡಿಮೆಯಾದರೆ, ಕೂತವರು ಮಲಗಿಬಿಡುವ ಮೊದಲು ಅದೇ ಆರಿಕೊಳ್ಳುತ್ತದೆ. ಹಾಕಿಸಿದಾಗ ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ, ಬೆಂಕಿ ನಿನ್ನ ಪಾಲಲ್ಲವೇ. ಹೀಟರ್ ಕೆಟ್ಟಿರಲಿಲ್ಲ. ಚಳಿ ಬರದ ಹಾಗೆ ಮುಚ್ಚುತ್ತಾ ಮುಚ್ಚುತ್ತಾ ನಾನು ಉಸಿರನ್ನೂ ಮುಚ್ಚಿದ್ದೆ. ಚಳಿಗಾಲವಿಡೀ ಅದು ಆರಿ ಆರಿ ನನ್ನನ್ನು ಕಾಪಾಡಿತ್ತು, ನಾನು ಅದನ್ನು ಬೈಯುತ್ತಿದ್ದೆ.

ಹಾಗಾದರೆ ನಾವಿಬ್ಬರೂ ಇದ್ದ ಅಷ್ಟು ವರ್ಷ ಅದು ಒಂದು ದಿನವೂ ಯಾಕೆ ಆರಲಿಲ್ಲ? ಆಗ ಸಂದುಗಳನ್ನು ಮುಚ್ಚಿರಲಿಲ್ಲ, ನಿಜ, ಆದರೆ ಗಾಳಿಕಿಂಡಿಗೆ ಹಿಮ ಕಟ್ಟಿಕೊಂಡ ದಿನಗಳೂ ಇದ್ದವಲ್ಲ. ಈ ಪ್ರಶ್ನೆಗೆ ಉತ್ತರ ಸಿಕ್ಕಿದಾಗ ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ನಿನ್ನಿಂದ ಕಣೆ. ನೀನು ಎಂದಾದರೂ ಬಾಗಿಲು ಹಾಕಿಕೊಂಡು ಕೂತಿದ್ದುಂಟೇ? ಹೊರಗಿನ ಗಾಳದ ಬಾವುಟ ಎದ್ದಿತು ಅಂತ ಓಡುತ್ತಿದ್ದೆ. ಕಾಗೆ ಯಾರದೋ ಮೀನು ಕದ್ದೊಯ್ಯಿತು ಅಂತ ನೋಡಲು ಓಡುತ್ತಿದ್ದೆ. ಓನ್ನಿಯ ನಾಯಿ ಬಂತು ಅಂತ, ಬಿಸಿಲು ಬಂತು ಅಂತ, ಐಸ್ ಗುಡುಗುವ ಸದ್ದು ಕೇಳಿಸಿತು ಅಂತ, ಏನೂ ಇಲ್ಲದಿದ್ದರೆ ಸುಮ್ಮನೆ. "ಲೇ, ಬಾಗಿಲು ಹಾಕೇ! ಕೆರೆಗೆಲ್ಲಾ ಹೀಟರ್ ಹಾಕ್ತಿದ್ದೀಯಾ?" ಅಂತ ನಾನು ಕಿರುಚುತ್ತಿದ್ದೆ. "ನಿನ್ ಮುಖಾನೇ ನೋಡ್ತಾ ಕೂತ್ರೆ ಉಸಿರು ಕಟ್ಟತ್ತೆ ಕಣೇ ಅಕ್ಕ" ಅಂತ ನೀನು ಹೊರಗಿನಿಂದಲೇ ಕೂಗುತ್ತಿದ್ದೆ. ತಮಾಷೆ ಅಂದುಕೊಂಡಿದ್ದೆ. ನಿನ್ನ ಆ ಹೋಗಿಬಂದು ಹೋಗಿಬಂದು ಮಾಡುವ ಗುಣದಿಂದಲೇ ಒಳಗೆ ಉರಿ ನಿಲ್ಲುತ್ತಿತ್ತು, ನಾನು ಬೆಚ್ಚಗೆ ಕೂತು ನಿನ್ನನ್ನೇ ಬೈಯುತ್ತಿದ್ದೆ.

ಗಾಳಿಕಿಂಡಿಯ ಚಿಂದಿ ಕಿತ್ತೆಸೆದೆ. ಬಾಗಿಲ ಕೆಳಗಿನ ಕಂಬಳಿ ತೆಗೆದೆ. ಒಂದು ಕಡೆಯ ಹಿಮ ಅಗೆದು, ನೆಲದಂಚಿನ ಫೋಮ್ ಚಾಕುವಿನಿಂದ ಕೊಯ್ದು ತೆಗೆದೆ. ಓನ್ನಿ ವಿಷಯ ಕೇಳಿ ಬಿಳಿಚಿಕೊಂಡ. ತಕ್ಷಣ ಪೇಟೆಗೆ ಹೋಗಿ, ವಿಷಗಾಳಿ ತುಂಬಿದರೆ ಕೂಗಿಕೊಳ್ಳುವ ಪುಟ್ಟ ಅಲಾರಂ ತಂದು ಗೋಡೆಗೆ ತೂಗುಹಾಕಿ, "ಇದಕ್ಕೂ ಬಟ್ಟೆ ತುರುಕಿಬಿಡಬೇಡ ತಾಯಿ" ಅಂದ. ಈಗ ಕಾಲಿಗೆ ಸ್ವಲ್ಪ ತಣ್ಣಗೆ ಗಾಳಿ ಆಡುತ್ತದೆ. ಹೀಟರ್ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮ ಉರಿಯುತ್ತದೆ.

ಹಾಗಾಗಿ ಹೀಟರ್ ರಿಪೇರಿಗೆ ಬಾ ಅಂತ ಇನ್ನು ಕರೆಯುವ ಹಾಗಿಲ್ಲ. ಈ ಕಾಗದವನ್ನು ಹರಿದು ಒಲೆಗೆ ಹಾಕಬೇಕಿತ್ತು. ಆದರೆ ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿಸಿಕೊಂಡು ನೇರ ಕೆರೆಗೆ ಹೋದೆ. ಹೊತ್ತಿಸಿದೆ, ಬೆಚ್ಚಗಾಯಿತು, ಕೋಟು ಬಿಚ್ಚಿ ಗೂಟಕ್ಕೆ ಹಾಕಿದೆ. ಬೆಳಕು ತಿರುಗುವ ಹೊತ್ತಿಗೆ ಗಾಳದ ಕೋಲು ಬಗ್ಗಿತು. ವಾಲೈ ಮೀನು, ನನ್ನ ಮೊಣಕೈಯಿಂದ ಬೆರಳ ತುದಿ ದಾಟುವಷ್ಟು ಉದ್ದ, ಬಂಗಾರದ ಬಣ್ಣ. ತೂತಿನಿಂದ ಮೇಲಕ್ಕೆ ಎಳೆದವಳೇ, "ನೋಡಿಲ್ಲಿ!" ಎಂದು ಎದುರಿನ ಸ್ಟೂಲಿನ ಕಡೆಗೆ ಎತ್ತಿ ಹಿಡಿದೆ. ಆಮೇಲೆ ಮೀನನ್ನು ಕೆಳಗಿಟ್ಟು ಅತ್ತೆ. ಇಷ್ಟು ದಿನ ಚಳಿಗೆ ಅಳು ಬರುತ್ತದೆ, ಹೀಟರಿನ ಕಾಟಕ್ಕೆ ಅಳು ಬರುತ್ತದೆ ಅಂತ ಹೇಳಿಕೊಳ್ಳುತ್ತಿದ್ದೆ. ಆವತ್ತು ಚಳಿಯೂ ಇರಲಿಲ್ಲ, ಹೀಟರೂ ಸರಿಯಾಗಿತ್ತು, ನೆಪ ಹೇಳಲು ಏನೂ ಉಳಿದಿರಲಿಲ್ಲ. ನೀನಿಲ್ಲದೆ ನನಗೆ ಆಗುವುದಿಲ್ಲ, ಸೈಮಿ. ರಸ್ತೆಯಾಚೆ ನಿನ್ನ ಅಡುಗೆಮನೆಯ ದೀಪ ಹತ್ತದ ಸಂಜೆಗಳು ನನಗೆ ಆಗುವುದಿಲ್ಲ. ಅದನ್ನು ಹೇಳಲು ಇಷ್ಟು ಉದ್ದ ಹೀಟರಿನ ಕಥೆ ಬೇಕಾಯಿತು.

ನಿನ್ನ ಮದುವೆ ನನಗೆ ಬೇಡವಾಗಿತ್ತು ಅಂತ ನೀನು ತಿಳಿದಿದ್ದೀಯ. ನನಗೆ ಬೇಡವಾಗಿದ್ದು ನೀನು ಹೋಗುವುದು. ಆ ಮನುಷ್ಯ ಎಂಥವನು ಅಂತ ನಾನು ಗಮನವಿಟ್ಟು ನೋಡಿಯೇ ಇಲ್ಲ. ನೋಡಿದರೆ ಎಲ್ಲಿ ಇಷ್ಟವಾಗಿಬಿಡುತ್ತಾನೋ ಅಂತ ಭಯ. ಆಪರೇಷನ್ನಿಗೆ ಅವನನ್ನು ಒಳಗೆ ಕರೆದುಕೊಂಡು ಹೋದಾಗ ಹೊರಗಿನ ಬೆಂಚಿನ ಮೇಲೆ ನೀನು ಒಬ್ಬಳೇ ಕೂತಿದ್ದೆಯಂತೆ. ಅದನ್ನು ನನಗೆ ಹೇಳಿದವರು ಚರ್ಚಿನ ಹೆಂಗಸರು. ನನ್ನ ತಂಗಿ ಒಬ್ಬಳೇ ಕೂತಿದ್ದು ನನಗೆ ಬೇರೆಯವರ ಬಾಯಿಂದ ಗೊತ್ತಾಗಬೇಕಾಯಿತು.

ಮಾರ್ಚ್ ನಡುವಿನ ಹೊತ್ತಿಗೆ ಮೀನುಮನೆಗಳನ್ನೆಲ್ಲ ಕೆರೆಯಿಂದ ಎಳೆದು ದಡ ಸೇರಿಸಬೇಕು, ಕಾನೂನು ನಿನಗೂ ಗೊತ್ತು. ಓನ್ನಿ ಈ ವಾರವೇ ಎಳೆದುಬಿಡೋಣ ಅಂದ. ಕೊನೆಯ ದಿನದವರೆಗೆ ಮುಟ್ಟಬೇಡ ಅಂತ ಹೇಳಿದ್ದೇನೆ. ಐಸ್ ಇನ್ನೂ ಗಟ್ಟಿಯಾಗಿದೆ, ಲಾರಿ ನಿಂತರೂ ಅಲ್ಲಾಡುವುದಿಲ್ಲ. ಮುಂದಿನ ಚಳಿಗಾಲಕ್ಕೆ ನೋಡೋಣ ಅನ್ನಬೇಡ. ನಮ್ಮ ವಯಸ್ಸಿನವರಿಗೆ ಅದು ಉಡಾಫೆಯ ಮಾತು.

ನಿನ್ನೆ ಓನ್ನಿಯ ಹತ್ತಿರ ಗರಗಸ ಕೇಳಿದೆ. "ಯಾಕೆ, ಹೀಟರ್ ಕೊಯ್ದು ಹಾಕ್ತೀಯಾ?" ಅಂದ. ನೆಲಕ್ಕೆ ಇನ್ನೊಂದು ಕಿಂಡಿ ಬೇಕು ಅಂದೆ. ಅವನು ನನ್ನ ಮುಖವನ್ನೇ ನೋಡಿದ. "ನಿಮ್ಮಪ್ಪನ ಹಲಗೆ ಕಣೇ ಐಲಿ, ಒಂದ್ಸಲ ಕೊಯ್ದ್ರೆ ಕೊಯ್ದ ಹಾಗೇ" ಅಂದ. ಗೊತ್ತು ಅಂದೆ. ಹಲಗೆ ಹಳೆಯದು, ಗಟ್ಟಿ, ಇಬ್ಬರೂ ಸರದಿಯಲ್ಲಿ ಕೊಯ್ದೆವು, ಭುಜ ಇನ್ನೂ ನೋಯುತ್ತಿದೆ. ಆಮೇಲೆ ಐಸ್ ಕೊರೆದೆ. ಕಪ್ಪು ನೀರು ಉಕ್ಕಿ ಬಂತು, ತಿಳಿಯಾಯಿತು. ಓನ್ನಿ ತನ್ನ ಮನೆಯಿಂದ ಬೆನ್ನೊರಗುವ ಕುರ್ಚಿ ತಂದುಕೊಟ್ಟ, ಸ್ಟೂಲು ಆಪರೇಷನ್ ಆದವರಿಗೆ ಒಳ್ಳೆಯದಲ್ಲವಂತೆ. "ಬಿಸಿಲೂರಿನವನು ಕಣೇ, ಈ ಚಳಿ ತಡೀತಾನಾ?" ಎಂದು ಕೇಳಿದ.

ಅದಕ್ಕೇ ಅವನ ತೂತನ್ನು ಹೀಟರ್ ಪಕ್ಕದಲ್ಲೇ ಕೊರೆದಿದ್ದೇನೆ ಅಂದೆ.

ಇಬ್ಬರೂ ಬನ್ನಿ. ದಾರಿಯುದ್ದಕ್ಕೂ ನಿಮಗೆ ಒಳ್ಳೆಯದಾಗಲಿ, ಅವನ ಎದೆ ಗಟ್ಟಿಯಾಗಿರಲಿ, ನೀವು ತಲುಪುವವರೆಗೆ ನಮ್ಮ ಐಸೂ ಗಟ್ಟಿಯಾಗಿರಲಿ.

ಈ ಕಾಗದವನ್ನು ಬೇಕಾದರೆ ಅವನಿಗೂ ಓದಿ ಹೇಳು.

ನಿನ್ನ ಅಕ್ಕ,
ಐಲಿ